ಮಾನೊಂಗ್ ಮೆಸ್ಯೊ ಅವರ ಕಿವಿ ಪರೀಕ್ಷೆ

ನೆಮೆಸಿಯೊ ತುಪಾಸ್ ಅವರ ಕಿವಿ ಒಂದೇ ದಿನದಲ್ಲಿ ಹೋದದ್ದಲ್ಲ. ಇಪ್ಪತ್ತಾರು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕಿದರು, ಒರೆಸಿದರು, ಮೀಟರುಗಳ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದರು. ಅಲ್ಲಿ ಬಾಯಿಂದ ಆಡಿದ ಮಾತು ಬಾಯಿ ಬಿಟ್ಟು ಒಂದು ಗೇಣು ಆಚೆಗೆ ಹೋಗುವುದಿಲ್ಲ. ಕೈ, ಹುಬ್ಬು, ತುಟಿ, ಇಷ್ಟರಲ್ಲೇ ಎಲ್ಲ ಮಾತು. ಬೇರಿಂಗಿನ ಮೇಲೆ ಅಂಗೈ ಇಟ್ಟು, ಇನ್ನು ಎಷ್ಟು ದಿನ ಬಾಳುತ್ತದೆಂದು ಹೇಳುವ ಆಯಿಲರ್ ಎಂದು ಅವರಿಗೆ ಹೆಸರಿತ್ತು. ಕಿವಿಗೆ ಮೊದಲು ಸಣ್ಣ ದನಿಗಳು ತಪ್ಪಿಹೋದವು: ಕೆಟಲಿನ ಸೀಟಿ, ಎಳೆಮಕ್ಕಳ ಅಳು, ಆಮೇಲೆ ಹೆಂಗಸರ ಮಾತು. ಯಾರಿಗೂ ಹೇಳಲಿಲ್ಲ. ತುಟಿ ನೋಡಿ ಉತ್ತರ ಕೊಡುವುದರಲ್ಲಿ ಅವರು ಎಷ್ಟು ಪಳಗಿದ್ದರೆಂದರೆ, ಒಂದೇ ಕೋಣೆಯಲ್ಲಿದ್ದ ನನಗೇ ಅದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ನಾನೂ ಆಯಿಲರನೇ, ಅವರಿಗಿಂತ ಹದಿನೆಂಟು ವರ್ಷ ಚಿಕ್ಕವನು. ಮನಿಲಾದ ಎರ್ಮಿತಾದಲ್ಲಿ, ಹಡಗು ಕಾಯುವವರಿಗೆ ಮಂಚ ಬಾಡಿಗೆ ಕೊಡುವ ಮನೆಯೊಂದರಲ್ಲಿ ಕೆಳಗಿನ ಮಂಚ ಅವರದು, ಮೇಲಿನದು ನನ್ನದು. ಇಬ್ಬರೂ ಇಲೊಯ್ಲೊ ಕಡೆಯವರು. ಊರಿನ ರೂಢಿಯಂತೆ ಹಿರಿಯರೆಂದು ನಾನು ಅವರನ್ನು ಮಾನೊಂಗ್, ಹೆಸರು ಮೊಟಕು ಮಾಡಿ ಮಾನೊಂಗ್ ಮೆಸ್ಯೊ ಎನ್ನುತ್ತಿದ್ದೆ, ಚಿಕ್ಕವನೆಂದು ಅವರು ನನ್ನನ್ನು ತೊತೊ ಎನ್ನುತ್ತಿದ್ದರು.

ಅವರ ಕೆಲಸದ ಪ್ರಮಾಣಪತ್ರದ ಅವಧಿ ಮಾರ್ಚ್ ಹದಿನೇಳಕ್ಕೆ ಮುಗಿಯುತ್ತಿತ್ತು. ಅದನ್ನು ಹೊಸದು ಮಾಡಿಸಲು ಐದು ವರ್ಷದಲ್ಲಿ ಒಟ್ಟು ಹನ್ನೆರಡು ತಿಂಗಳಾದರೂ ಸಮುದ್ರದಲ್ಲಿ ಇದ್ದಿರಬೇಕು, ಅದಕ್ಕೆ ಕ್ಯಾಪ್ಟನ್ನನ ಸಹಿ ಇರಬೇಕು. ಅವರ ಪುಸ್ತಕದಲ್ಲಿ ಇದ್ದದ್ದು ಎಂಟು ತಿಂಗಳು. ಕೊನೆಯ ಹಡಗು ಮುದಿಯಾಗಿತ್ತು. ಕರಾರು ಮುಗಿಯುವ ಮೊದಲೇ ಮಾಲೀಕರು ಅದನ್ನು ಗುಜರಿಗೆ ಮಾರಿ ಎಲ್ಲರನ್ನೂ ಮನೆಗೆ ಕಳಿಸಿದರು. ಪತ್ರ ಸತ್ತರೆ ಮತ್ತೆ ತರಗತಿ, ಮತ್ತೆ ಪರೀಕ್ಷೆ, ಅದೂ ಐವತ್ತೆರಡನೆಯ ವಯಸ್ಸಿನಲ್ಲಿ. ಅಷ್ಟು ಮಾಡಿದರೂ ಆ ವಯಸ್ಸಿನ ಆಯಿಲರನನ್ನು ಯಾರೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಅಂದರೆ ಬೇಕಾಗಿದ್ದದ್ದು ನಾಲ್ಕು ತಿಂಗಳು, ಒಂದು ಹಡಗು.

ಅದಕ್ಕಾಗಿ ಅವರು ಹಡಗುಗಳಿಗೆ ಆಳು ಕಳಿಸುವ ಏಜೆನ್ಸಿಯಲ್ಲಿ ಯುಟಿಲಿಟಿಯಾಗಿ ನಿಂತರು. ನಮ್ಮಲ್ಲಿ ಇದು ಹಳೆಯ ದಾರಿ. ಸಂಬಳವಿಲ್ಲದೆ ಕಚೇರಿಯ ನೆಲ ಒರೆಸುವುದು, ಸಾಹೇಬರ ಕಾರು ತೊಳೆಯುವುದು, ಮಧ್ಯಾಹ್ನದ ಅನ್ನ ತಂದುಕೊಡುವುದು. ದಿನವೂ ಕಣ್ಣಿಗೆ ಬೀಳುತ್ತಿದ್ದರೆ ಒಂದು ದಿನ ಹೆಸರು ಪಟ್ಟಿಗೆ ಬರುತ್ತದೆ. ಕಾಲೇಜು ಮುಗಿಸಿದ ಹುಡುಗರು ಮಾಡುವ ಕೆಲಸವದು. ಮಾನೊಂಗ್ ಮೆಸ್ಯೊ ಆ ಹುಡುಗರ ನಡುವೆ ತಲೆ ನರೆತು, ಬಕೆಟ್ ಹಿಡಿದು, ಹದಿನಾಲ್ಕು ತಿಂಗಳು ನಿಂತರು.

ನವೆಂಬರಿನ ಮೊದಲ ಸೋಮವಾರ ಹೆಸರು ಬಂತು. ಆಳುಗಳನ್ನು ಹಡಗಿಗೆ ಹಂಚುವ ಮ್ಯಾಮ್ ಪೆರ್ಲಾ ತಲೆ ಎತ್ತದೆಯೇ ಹೇಳಿದರಂತೆ.

"ತುಪಾಸ್, ಕಲ್ಲಿದ್ದಲು ಹಡಗು. ಎಂಟನೇ ತಾರೀಕು ಭಾನುವಾರ ವಿಮಾನ. ಶುಕ್ರವಾರದೊಳಗೆ ಮೆಡಿಕಲ್ ಮುಗಿಸ್ಕೊಂಡು ಬನ್ನಿ. ಇನ್ಮೇಲೆ ನನ್ನ ಕಾಫಿಗೆ ಸಕ್ಕರೆ ಜಾಸ್ತಿ ಹಾಕೋರು ಯಾರು ಅಂತ ಹುಡುಕ್ಬೇಕು."

ತಲೆ ತಗ್ಗಿಸಿ ಆಡಿದ ಮಾತಾದ್ದರಿಂದ ಅವರಿಗೆ ಒಂದೂ ತಿಳಿಯಲಿಲ್ಲ. ಪಕ್ಕದಲ್ಲಿದ್ದವನು ಬೆನ್ನು ತಟ್ಟಿದ ಮೇಲೆ ತಿಳಿಯಿತು. ಅಂದು ಮಂಚದ ಮೇಲೆ ಕುಳಿತು ಬೆರಳು ಮಡಚಿ ಎಣಿಸಿದರು. ಎಂಟರಂದು ಹತ್ತಿದರೆ ಮಾರ್ಚ್ ಹದಿನೇಳಕ್ಕೆ ನಾಲ್ಕು ತಿಂಗಳು ಒಂಬತ್ತು ದಿನ. ಒಂಬತ್ತೇ ದಿನ ಹೆಚ್ಚು. ಈ ಹಡಗು ತಪ್ಪಿದರೆ ಮುಂದಿನದು ಸಿಕ್ಕರೂ ದಿನ ಸಾಲದು.

"ರಕ್ತದೊತ್ತಡಕ್ಕೆ ಬೆಳ್ಳುಳ್ಳಿ ತಿಂತೀನಿ," ಎಂದರು. "ಎಕ್ಸ್‌ರೇಗೆ ಹೆದರಿಕೆಯಿಲ್ಲ. ಕಿವಿದೇ ತೊತೊ."

ಕಿವಿ ಪರೀಕ್ಷೆಯ ಗುಟ್ಟು ಎಂಜಿನ್‌ನವರಿಗೆಲ್ಲ ಗೊತ್ತು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಹೊರಗೆ ನರ್ಸ್ ಗುಂಡಿ ಒತ್ತಿದಾಗ ಒಳಗೆ 'ಕುಂಯ್' ಎನ್ನುತ್ತದೆ. ಕೇಳಿಸಿದರೆ ಕೈ ಎತ್ತಬೇಕು. ಗುಂಡಿ ಕಾಣದ ಹಾಗೆ ಮರೆಯಿರುತ್ತದೆ, ಆದರೆ ನರ್ಸಿನ ಭುಜ ಕಾಣುತ್ತದೆ. ಒತ್ತುವಾಗ ಭುಜ ಒಂದು ಎಳೆಯಷ್ಟು ತಗ್ಗುತ್ತದೆ. ಎರಡು ವಾರದ ಹಿಂದೆ ನನ್ನ ಮೆಡಿಕಲ್ ಅದೇ ಕ್ಲಿನಿಕ್ಕಿನಲ್ಲಿ ಆಗಿತ್ತು. ಜನವರಿಯ ಹಡಗಿಗೆಂದು ನನ್ನ ಕಾಗದಗಳೆಲ್ಲ ಸಿದ್ಧವಿದ್ದವು. ಆ ನರ್ಸನ್ನು ನಾನು ಚೆನ್ನಾಗಿ ನೋಡಿಕೊಂಡಿದ್ದೆ.

ಮೂರು ದಿನ ನಾನು ಅವರಿಗೆ ಅಭ್ಯಾಸ ಮಾಡಿಸಿದೆ. ನಾನೇ ನರ್ಸ್. ತೊಡೆಯ ಮೇಲೆ ಬೆರಳು ಒತ್ತುತ್ತಿದ್ದೆ, ಅವರು ನನ್ನ ಭುಜ ನೋಡುತ್ತ ಕೈ ಎತ್ತುತ್ತಿದ್ದರು. ಆಚೆ ಮಂಚದ ಅಡುಗೆಯವನು ನಗುತ್ತಿದ್ದ.

"ಮಾನೊಂಗ್, ಹಾಗೆ ದಿಟ್ಟಿಸಿ ನೋಡಿದ್ರೆ ಆ ನರ್ಸು ನಿಮ್ಮನ್ನ ಮದುವೆ ಆಗು ಅಂತಾಳೆ."

"ಆಗ್ಲಿ ಬಿಡೋ, ನಮ್ಮ ಸೆಂದಾ ಬೈಯೋದು ಹೇಗೂ ನಂಗೆ ಕೇಳ್ಸಲ್ಲ," ಎಂದರು ಮಾನೊಂಗ್. ಸೆಂದಾ ಅವರ ಹೆಂಡತಿ, ನನಗೆ ಮಾನಾಂಗ್, ಅಂದರೆ ಅಕ್ಕ. ಗುರುವಾರದ ಹೊತ್ತಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗತೊಡಗಿತು.

ಶುಕ್ರವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ರಕ್ತ, ಮೂತ್ರ, ಕಣ್ಣು, ಎಲ್ಲ ದಾಟಿದರು. ಕೊನೆಗೆ ಗಾಜಿನ ಕೋಣೆ. ಅದೇ ನರ್ಸ್. ನಾನು ಬಾಗಿಲ ಬಳಿ ಬೆಂಚಿನಲ್ಲಿ ಕುಳಿತೆ. ಅಲ್ಲಿಂದ ಆಕೆಯ ಬೆನ್ನು, ಕೈ, ಗುಂಡಿ, ಎಲ್ಲವೂ ಕಾಣುತ್ತಿತ್ತು. ಭುಜ ತಗ್ಗಿತು, ಮಾನೊಂಗ್ ಕೈ ಎತ್ತಿದರು. ಮತ್ತೆ ತಗ್ಗಿತು, ಮತ್ತೆ ಎತ್ತಿದರು. ಅವರ ಮುಖ ಹಗುರವಾಗುತ್ತ ಬಂತು. ಹದಿನಾಲ್ಕು ತಿಂಗಳಲ್ಲಿ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ.

ಆಗ ನರ್ಸ್ ಗುಂಡಿಯಿಂದ ಬೆರಳು ತೆಗೆದಳು. ಪೆನ್ನು ಕೈಗೆತ್ತಿಕೊಂಡಳು. ಪೆನ್ನು ಹಿಡಿದುಕೊಂಡೇ ಭುಜವನ್ನು ಮೆಲ್ಲಗೆ ತಗ್ಗಿಸಿದಳು.

ಮಾನೊಂಗ್ ಕೈ ಎತ್ತಿದರು.

ಆಕೆ ಒಂದು ಗೀಟು ಹಾಕಿದಳು. ಮತ್ತೆ ಭುಜ ತಗ್ಗಿಸಿದಳು. ಅವರು ಮತ್ತೆ ಎತ್ತಿದರು, ಈ ಸಲ ಸಣ್ಣಗೆ ನಗುತ್ತ. ನಾನು ಎದ್ದು ನಿಂತೆ. ಗಾಜಿನಾಚೆ ಅವರಿಗೆ ಕಾಣುವಂತೆ, ಎಂಜಿನ್ ಕೋಣೆಯಲ್ಲಿ 'ನಿಲ್ಲಿಸು' ಎನ್ನಲು ಮಾಡುವಂತೆ, ಮುಷ್ಟಿ ಮೇಲೆತ್ತಲು ಹೋದೆ. ನರ್ಸ್ ಕತ್ತು ತಿರುಗಿಸಿದಳು. ನನ್ನ ಕೈ ತಲೆಗೂದಲಿಗೆ ಹೋಯಿತು, ಕೆರೆದುಕೊಂಡು ಕುಳಿತೆ. ಒಟ್ಟು ಆರು ಗೀಟು ಬಿದ್ದವು.

ಡಾಕ್ಟರ್ ವಯಸ್ಸಾದವರು. ಮುಖದ ಮಾಸ್ಕು ಕೆಳಗೆ ಎಳೆದು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿದರು. ಆ ಒಂದು ಕರುಣೆಯಿಂದಲೇ ಎಲ್ಲ ಮುಗಿಯಿತೆಂದು ನನಗೆ ಅನಿಸಿತು.

"ಆರು ಸಲ ಶಬ್ದನೇ ಇರ್ಲಿಲ್ಲ. ಆರು ಸಲಾನೂ ಕೈ ಎತ್ತಿದೀರಿ."

ಮಾನೊಂಗ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಡಾಕ್ಟರ್, ನಾಲ್ಕೇ ತಿಂಗಳು. ನಾಲ್ಕು ತಿಂಗಳು ಕೊಡಿ ಸಾಕು. ಆಮೇಲೆ ನೀವು ಕಿವುಡ ಅಂತ ಹಣೆ ಮೇಲೆ ಬರೀರಿ."

"ಅಲಾರಂ ಹೊಡ್ಕೊಂಡಾಗ ಏನ್ಮಾಡ್ತೀರಿ?"

"ಕೆಂಪು ದೀಪ ತಿರುಗುತ್ತಲ್ಲ, ಡಾಕ್ಟರ್. ದೀಪ ನೋಡ್ತೀನಿ."

"ದೀಪಕ್ಕೆ ಬೆನ್ನು ಹಾಕಿ ಬಗ್ಗಿ ಕೆಲಸ ಮಾಡ್ತಾ ಇದ್ರೆ?"

ಎಂಜಿನ್ ಕೋಣೆಯಲ್ಲಿ ಬಗ್ಗದೆ ಮಾಡುವ ಕೆಲಸ ಯಾವುದೂ ಇಲ್ಲ. ಮಾನೊಂಗ್ ಡಾಕ್ಟರ ಮೇಜಿನ ಮೇಲೆ ಅಂಗೈ ಊರಿದರು.

"ಕಿವಿ ತಜ್ಞರ ಹತ್ರ ಕಳಿಸ್ತೀನಿ," ಎಂದರು ಡಾಕ್ಟರ್. "ಯಂತ್ರ ಹಾಕಿಸ್ಕೊಂಡು ಬಂದ್ರೆ ಮತ್ತೆ ನೋಡೋಣ."

"ಎಷ್ಟು ದಿನ?"

"ಎರಡು ವಾರ, ಬೇಗ ಅಂದ್ರೆ."

ಮಾನೊಂಗ್ ಅವರ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು. ಒಂಬತ್ತರ ತನಕ ಹೋಗಿ ನಿಂತವು.

ಅಲ್ಲಿಂದ ನೇರ ಏಜೆನ್ಸಿಗೆ ನಡೆದೆವು. ಮಾನೊಂಗ್ ಮ್ಯಾಮ್ ಪೆರ್ಲಾ ಅವರ ಮೇಜಿನ ಮುಂದೆ ನಿಂತು ಬೇಡಿಕೊಂಡರು: ಒಂಬತ್ತು ದಿನ ತಡವಾಗಿ ಹತ್ತಿಸಿ, ಮುಂದಿನ ಬಂದರಿನಲ್ಲಿ ಸೇರಿಸಿ, ಬೇಕಾದರೆ ನೆಲ ಒರೆಸುವವನ ಜಾಗವಾದರೂ ಕೊಡಿ, ಸಮುದ್ರದ ಮೇಲೆ ಇದ್ದರೆ ಸಾಕು. ಕಚೇರಿಯ ಹುಡುಗರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮ್ಯಾಮ್ ಪೆರ್ಲಾ ಕೆಟ್ಟ ಹೆಂಗಸಲ್ಲ. ಅವರ ಕಣ್ಣು ಕೆಂಪಾಗಿತ್ತು.

"ಹಡಗು ಕಾಯಲ್ಲ, ಮೆಸ್ಯೊ. ನಿಮ್ಮಷ್ಟೇ ನಂಗೂ ಗೊತ್ತು. ಭಾನುವಾರ ನಾನು ಒಬ್ಬ ಆಯಿಲರ್‌ನ ಕಳಿಸ್ಲೇಬೇಕು."

ಆಮೇಲೆ ಆಕೆಯ ಕಣ್ಣು ನನ್ನ ಕಡೆ ಹೊರಳಿತು. "ಡೆಲ್ಮೊ, ನಿನ್ನ ಮೆಡಿಕಲ್ ಆಗಿದೆ ಅಲ್ವಾ?"

ಆಗಿಲ್ಲ ಎನ್ನಬಹುದಿತ್ತು. ಜನವರಿಯ ಹಡಗು ಹೇಗೂ ಇತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಜನವರಿಯ ಹಡಗು ಕಾಗದದ ಮೇಲಿನದು. ಇದು ಕೈಗೆ ಬಂದದ್ದು. ನಮ್ಮಲ್ಲಿ ಒಮ್ಮೆ ಬೇಡವೆಂದವನ ಹೆಸರು ಪಟ್ಟಿಯ ತಳಕ್ಕೆ ಹೋಗುತ್ತದೆ.

"ಆಗಿದೆ, ಮ್ಯಾಮ್," ಎಂದೆ.

ಮೆಲ್ಲಗೆ ಹೇಳಿದ್ದೆ. ಮಾನೊಂಗ್ ನನ್ನ ತುಟಿಯನ್ನೇ ನೋಡುತ್ತಿದ್ದರು.

ಹೊರಗೆ ಕಲಾವ್ ಬೀದಿಯ ಮರಗಳ ಕೆಳಗೆ ಎಂದಿನಂತೆ ನೂರಾರು ನಾವಿಕರು ಕಾಗದದ ಚೀಲ ಹಿಡಿದು ನಿಂತಿದ್ದರು. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತೆವು. ನಾನು ಏನೋ ಹೇಳಲು ಬಾಯಿ ತೆರೆದಾಗ ಅವರು ಬೇಕೆಂದೇ ಬೇರೆ ಕಡೆ ನೋಡಿದರು. ಅವರಿಗೆ ಬೇಡವಾದ ಮಾತನ್ನು ತಡೆಯಲು ಅಷ್ಟು ಸಾಕಿತ್ತು.

ಸ್ವಲ್ಪ ಹೊತ್ತಿಗೆ ಅವರ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿ ನನ್ನ ಕಡೆ ಚಾಚಿದರು.

"ಸೆಂದಾ. ನೀನು ಮಾತಾಡು ತೊತೊ. ಅವಳ ದನಿ ನಂಗೆ ಸಿಗಲ್ಲ."

"ಮಾನೊಂಗ್, ನಾನು ಹೇಗೆ..."

"ಮಾತಾಡು."

ಆ ಕಡೆ ಹೆಂಗಸಿನ ಅವಸರದ ದನಿ. "ಸಾಮಾನು ಕಟ್ಟಿದ್ರಾ? ಬೆಚ್ಚಗಿನ ಬನಿಯನ್ ಎರಡೂ ಹಾಕ್ಕೊಳ್ಳಿ. ಕೇಳ್ತಾ ಇದೀರಾ?"

"ಮಾನಾಂಗ್, ನಾನು ಡೆಲ್ಮೊ, ಅವರ ಮೇಲಿನ ಮಂಚದವನು. ಅವರು ಕಿವಿ ಪರೀಕ್ಷೆ ದಾಟಲಿಲ್ಲ. ಹೋಗ್ತಾ ಇಲ್ಲ."

ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು.

"ಮತ್ತೆ ಅವರ ಜಾಗಕ್ಕೆ ಯಾರು ಹೋಗ್ತಾರಪ್ಪಾ?"

ಮಾನೊಂಗ್ ಈಗ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಸುಳ್ಳು ಹೇಳಿದ್ದರೂ ಅವರು ಓದಿಬಿಡುತ್ತಿದ್ದರು.

"ನಾನು, ಮಾನಾಂಗ್."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನಂದ್ಲು?" ಎಂದು ಮಾನೊಂಗ್ ಹುಬ್ಬಿನಲ್ಲಿ ಕೇಳಿದರು.

"ಅಳ್ತಿದಾರೆ."

ಅವರು ಫೋನು ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದರು, ತಲೆ ಬಗ್ಗಿಸಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ. ನಡುನಡುವೆ "ಹ್ಞೂಂ" ಎಂದರು. "ಹ್ಞೂಂ, ಸೆಂದಾ. ಬರ್ತೀನಿ." ಕೆಲವು ನಿಮಿಷವಾದ ಮೇಲೆ ಆ ಕಡೆ ಸೆಂದಾ ಫೋನು ಇಟ್ಟುಬಿಟ್ಟರು, ಮಾನೊಂಗ್ ಅವರ ಬೆರಳುಗಳ ಸಂದಿಯಲ್ಲಿ ಪರದೆ ಕಪ್ಪಾದದ್ದು ನನಗೆ ಕಾಣುತ್ತಿತ್ತು. ಅವರು ಇನ್ನೂ "ಹ್ಞೂಂ" ಎನ್ನುತ್ತಲೇ ಇದ್ದರು. ನಾನು ತಡೆಯಲಿಲ್ಲ.