ಹುಲಿ ಸಿಕ್ಕಿತು ಅಂದ ಬೆಳಿಗ್ಗೆ

ಮಕ್ಕಳ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂದು ಯಾರಾದರೂ ಮೈಕ್ ಹಿಡಿದು ಶುರು ಮಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರು ಹೇಳುವುದು ತಪ್ಪೆಂದಲ್ಲ. ಸರಿಯಾಗಿಯೇ ಹೇಳುತ್ತಾರೆ. ಕೇಳಿಸಿಕೊಂಡು ಚಪ್ಪಾಳೆ ತಟ್ಟಿದವರು ಮನೆಗೆ ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಗಂಡ ರೈಟರ್. ಕೆಲಸದವರ ಹಾಜರಿ ಹಾಕುವುದು, ಅವರನ್ನು ಯಾವ ಬ್ಲಾಕಿಗೆ ಕಳಿಸಬೇಕೆಂದು ನೋಡುವುದು, ಗೊಬ್ಬರದ ದಾಸ್ತಾನು, ಎಲ್ಲ ಅವರದೇ. ನಾನು ಸಮೀಪದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಇಬ್ಬರೂ ಶನಿವಾರಸಂತೆ ಕಡೆಯವರು. ಇಲ್ಲಿನವರು ತಮ್ಮೊಳಗೆ ಕೊಡವ ತಕ್ಕೋ ಮಲಯಾಳವೋ ಆಡುತ್ತಿದ್ದು, ನಮ್ಮನ್ನು ಕಂಡ ಕೂಡಲೇ ಕನ್ನಡಕ್ಕೆ ಹೊರಳುತ್ತಾರೆ. ನಮಗೆ ಒಬ್ಬಳೇ ಮಗಳು, ಆಗ ಮೂರನೇ ಕ್ಲಾಸು, ನನ್ನ ಶಾಲೆಯಲ್ಲೇ.

ಆ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಹುಲಿಯ ಕಾಟ ಶುರುವಾಯಿತು. ಮೊದಲು ದನಗಳನ್ನು ಹಿಡಿಯಿತು. ಆಮೇಲೆ ಪಕ್ಕದ ಎಸ್ಟೇಟಿನಲ್ಲಿ ಕುಯ್ಯುತ್ತಿದ್ದ ಒಬ್ಬ ಹೆಂಗಸನ್ನು ಹಿಡಿಯಿತು. ಆಕೆಯ ಮಗಳೂ ನನ್ನ ಮಗಳೂ ಒಂದೇ ಬೆಂಚು. ಆ ಹುಡುಗಿಯನ್ನು ನೆಂಟರು ಬಂದು ಕರೆದುಕೊಂಡು ಹೋದರು. ಬೆಂಚಿನ ಮೇಲೆ ಅವಳ ಜಾಗದಲ್ಲಿ ಯಾರೂ ಕೂರಲಿಲ್ಲ.

ದೊಡ್ಡವರಿಗೆ ಬೇರೆ ಮಾತೇ ಇರಲಿಲ್ಲ. ಹೆಣ ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂಬುದನ್ನೆಲ್ಲ ಮಕ್ಕಳ ತಲೆಯ ಮೇಲಿಂದಲೇ ಮಾತಾಡಿಕೊಂಡರು, ಮಕ್ಕಳಿಗೆ ಕಿವಿಯೇ ಇಲ್ಲವೇನೋ ಅನ್ನುವ ಹಾಗೆ. ಅರಣ್ಯ ಇಲಾಖೆಯ ಜೀಪು ದಿನಾ ಮೈಕ್ ಕಟ್ಟಿಕೊಂಡು ಬಂದು, ಯಾರೂ ಒಂಟಿಯಾಗಿ ಓಡಾಡಬಾರದು ಎಂದು ಕೂಗಿ ಹೋಗುತ್ತಿತ್ತು. ಸಾಕಾನೆಗಳನ್ನು ತಂದು ತೋಟ ತೋಟ ಹುಡುಕಿದರು. ನನ್ನ ಮಗಳು ಮನೆಯ ಹಿಂದಿನ ಬಚ್ಚಲಿಗೆ ಹೋಗುವುದನ್ನು ಬಿಟ್ಟಳು. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಎದ್ದ ಕೂಡಲೇ ಒಂದೇ ಪ್ರಶ್ನೆ, "ಅಪ್ಪ, ಹುಲಿ ಸಿಕ್ತಾ?" ಊರಿನಿಂದ ನನ್ನ ನಾದಿನಿ ಫೋನು ಮಾಡಿ, "ನೀವೇ ಮಗೀಗೆ ಹೆದ್ರಿಕೆ ಹುಟ್ಸಿದೀರ, ಒಂದ್ ತಾಯ್ತ ಕಟ್ಸಿ ಸರಿಯಾಯ್ತದೆ" ಎಂದಳು. ಹುಲಿಗೆ ಕಟ್ಟಿಸಬೇಕೋ ಮಗುವಿಗೋ ಎಂದು ಕೇಳಿ ಫೋನಿಟ್ಟೆ.

ಶಾಲೆಯಲ್ಲಿ ಹಾಜರಿ ಅರ್ಧಕ್ಕಿಳಿದಾಗ, ವಿರಾಜಪೇಟೆಯಿಂದ ಒಬ್ಬ ಆಪ್ತಸಮಾಲೋಚಕಿಯನ್ನು ಕರೆಸಿ ಪೋಷಕರ ಸಭೆ ಮಾಡಿದೆವು. ಆಕೆ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಓದುತ್ತಾ ಹೋದರು. "ಮಕ್ಕಳನ್ನು ಸಂಜೆ ಹೊತ್ತು ಹೊರಗೆ ಆಡಲು ಬಿಡಿ" ಎಂದು ಓದಿ, ತಾವು ಓದಿದ್ದೇನೆಂದು ತಿಳಿದು ತಡವರಿಸಿದರು. ಹಿಂದಿನಿಂದ ಒಬ್ಬ ತಾಯಿ, "ಎಲ್ಲಿ ಬಿಡೋದು ಮೇಡಂ, ಹುಲಿ ಬಾಯಿಗಾ?" ಅಂದಳು. ಎಲ್ಲರೂ ನಕ್ಕರು. ಪಾಪ, ಆಕೆ ಲ್ಯಾಪ್‌ಟಾಪ್ ಮುಚ್ಚಿಟ್ಟು ನೇರವಾಗಿ ಮಾತಾಡಿದರು. "ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ. ನಿಮ್ಮ ಕೈಲಿಲ್ಲದ್ದಕ್ಕೆ ಮಾತು ಕೊಡಬೇಡಿ. ನಾನು ನಿನ್ನ ಜೊತೇಲಿರ್ತೀನಿ ಅನ್ನಿ, ಅದು ಸಾಕು. ಮಗು ನಿಮ್ಮನ್ನ ನಂಬೋದು ಮುಖ್ಯ." ಆ ಮಾತು ನನಗೆ ನಾಟಿತು. ನನ್ನ ಗಂಡ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಎಸ್‌ಡಿಎಂಸಿ ಸದಸ್ಯರಾದ್ದರಿಂದ ವಂದನಾರ್ಪಣೆಯೂ ಅವರದೇ. "ಇವತ್ತು ನಮ್ಮೆಲ್ಲರ ಕಣ್ಣು ತೆರೀತು" ಎಂದು ಹೇಳಿ ಆಕೆಗೆ ಶಾಲು ಹೊದಿಸಿದರು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ಮಗಳು ಅಕ್ಕಿರೊಟ್ಟಿಯನ್ನು ಚೂರು ಮಾಡುತ್ತಾ ಕೂತಿದ್ದಳು. ಕೆಲಸದವರಿಗೆ ಹಾಜರಿ ಹಾಕಿ ಬಂದ ನನ್ನ ಗಂಡ, ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು.

"ಬಾರವ್ವ ಇಲ್ಲಿ. ಸಿಕ್ತು ನೋಡು ಹುಲಿ. ಫಾರೆಸ್ಟಿನೋರೇ ಕಳ್ಸವ್ರೆ."

ಫೋಟೋದಲ್ಲಿ ಬೋನು, ಬೋನಿನೊಳಗೆ ಹುಲಿ. ಮಗಳು ಬಹಳ ಹೊತ್ತು ನೋಡಿದಳು.

"ಎಲ್ಲಿಗೆ ಕರ್ಕಂಡೋದ್ರು?"

"ಮೈಸೂರಿಗೆ. ಇನ್ ಬರಕ್ಕಿಲ್ಲ ಅದು."

"ಆಣೆ?"

"ನಿನ್ನಾಣೆ ಕಣವ್ವ."

ಮಗಳು ನಕ್ಕಳು. ಆ ನಗುವನ್ನು ನೋಡಿ ಎಷ್ಟು ಕಾಲವಾಗಿತ್ತೋ. ಚೂರು ಮಾಡಿದ್ದ ರೊಟ್ಟಿಯನ್ನು ತಿಂದು, ಇನ್ನೊಂದು ಹಾಕು ಎಂದಳು. ನಾನು ಒಲೆಯ ಕಡೆ ತಿರುಗಿಕೊಂಡು ಅತ್ತೆ. ನಾನೂ ನಂಬಿದ್ದೆ. ಯಾಕೆ ನಂಬಬಾರದು? ಹೆತ್ತ ಮಗುವಿನ ಮೇಲೆ ಆಣೆ ಇಟ್ಟು ಹೇಳಿದ ಮಾತು ಅದು.

ಆವತ್ತು ತರಗತಿಯಲ್ಲಿ ಅವಳದೇ ದರ್ಬಾರು. ಬೋನು ಎಷ್ಟು ದೊಡ್ಡದಿತ್ತು, ಹುಲಿ ಹೇಗೆ ಮುದುರಿ ಮಲಗಿತ್ತು ಎಂದು ಕೈ ಆಡಿಸಿ ವರ್ಣಿಸಿದಳು. ಹೆದರಿದ್ದ ಮಕ್ಕಳೆಲ್ಲ ಅವಳ ಸುತ್ತ ಸೇರಿದರು. "ನಮ್ಮಪ್ಪಂಗೆ ಫಾರೆಸ್ಟಿನೋರೇ ಹೇಳಿದ್ದು" ಎಂದು ಅವಳು ಹೇಳುವಾಗ ಇದ್ದ ಹೆಮ್ಮೆಯನ್ನು ನಾನು ಬಾಗಿಲಲ್ಲಿ ನಿಂತು ಕೇಳಿ ಖುಷಿಪಟ್ಟೆ.

ಹುಲಿಯ ಸುಳಿವಿಲ್ಲದೆ ಆ ದಿನಗಳಲ್ಲಿ ಜೀಪೂ ಬಂದಿರಲಿಲ್ಲ. ಮುಂದಿನ ವಾರ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕೂತಿದ್ದಾಗ ಮೈಕಿನ ಜೀಪು ಶಾಲೆಯ ಮುಂದೆಯೇ ಹಾದುಹೋಯಿತು. ಆವತ್ತು ಬೆಳಿಗ್ಗೆ ನಮ್ಮ ಎಸ್ಟೇಟಿನ ಕೆಲಸದವರ ಲೈನ್‌ಮನೆಗಳ ಪಕ್ಕದಲ್ಲೇ ಕರುವೊಂದನ್ನು ಹುಲಿ ಹೊತ್ತೊಯ್ದಿದೆ, ಹುಲಿ ಇನ್ನೂ ಸೆರೆ ಸಿಕ್ಕಿಲ್ಲ, ಎಚ್ಚರಿಕೆ. ಸಾಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ನನ್ನ ಮಗಳ ಕಡೆ ತಿರುಗಿದರು. "ನಿಮ್ಮಪ್ಪ ಸುಳ್ಳ" ಎಂದಳು ಒಬ್ಬಳು. ಇನ್ನೊಬ್ಬಳು ಅದನ್ನೇ ರಾಗವಾಗಿ ಹೇಳಿದಳು. ನಾನು ಗದರಿಸಿ ಸುಮ್ಮನಾಗಿಸಿದೆ. ಮಗಳು ಅಳಲಿಲ್ಲ. ತಟ್ಟೆ ತೊಳೆದಿಟ್ಟು ಬಂದು ನನ್ನ ಕುರ್ಚಿಯ ಪಕ್ಕ ನಿಂತಳು, ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದಳು.

ಸಂಜೆ ಗಂಡನನ್ನು ಕಣದ ಹತ್ತಿರವೇ ತಡೆದು ಕೇಳಿದೆ. "ಯಾವ ಹುಲೀರೀ ಅದು?"

"ಯಾವ್ದೋ ಗ್ರೂಪಿನಾಗೆ ಬಂದಿತ್ತು. ಎಲ್ಲೀದೋ ಏನೋ."

"ಮಗಿನ ಮೇಲೆ ಆಣೆ ಇಟ್ರಲ್ಲ!"

"ಮಗು ತಿಂತಿರ್ಲಿಲ್ಲ ಕಣೆ, ನೋಡಾಕಾಗ್ಲಿಲ್ಲ ನಂಗೆ. ಹೆಂಗೂ ನಾಳೆ ನಾಡಿದ್ರಾಗೆ ಹಿಡಿತಾರೆ, ಯಾರಿಗೂ ಗೊತ್ತಾಗಲ್ಲ ಅನ್ಕಂಡೆ."

ಕೆಟ್ಟ ಮನುಷ್ಯನಾಗಿದ್ದರೆ ಬೈದು ಮುಗಿಸುತ್ತಿದ್ದೆ. ಮಗಳೆಂದರೆ ಪ್ರಾಣ ಬಿಡುವ ಅಪ್ಪ ಈ ಕೆಲಸ ಮಾಡಿದ್ದನ್ನೇ ನನಗೆ ಸಹಿಸಲಾಗಲಿಲ್ಲ. ಅವಳ ಸಂಕಟವನ್ನು ನೋಡುತ್ತಾ ಕೂರುವುದು ಅವರಿಗೆ ಕಷ್ಟವಾಯಿತು, ತಮ್ಮ ಕಷ್ಟವನ್ನು ಇಳಿಸಿಕೊಂಡರು. ಅವಳದು ದುಪ್ಪಟ್ಟಾಯಿತು. ಸಭೆಯಲ್ಲಿ ತೆರೆದ ಕಣ್ಣು ಮನೆಯ ಹೊಸಿಲು ದಾಟುವಾಗ ಮುಚ್ಚಿಕೊಂಡಿತ್ತು.

ಮಗಳು ಅಪ್ಪನನ್ನು ಏನೂ ಕೇಳಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಚಟ್ನಿ ಖಾರವಿಲ್ಲ ಎಂದರೆ ಬೆರಳ ತುದಿಯಲ್ಲಿ ನೆಕ್ಕಿ ನೋಡಿ ಹಾಕಿಸಿಕೊಳ್ಳುತ್ತಿದ್ದಳು. ಶಾಲೆಗೆ ಹೋಗುವ ಜೀಪು ಬಂತು ಎಂದರೆ ಕಿಟಕಿಯಿಂದ ಇಣುಕಿ ನೋಡಿಯೇ ಬ್ಯಾಗು ಎತ್ತುತ್ತಿದ್ದಳು. ನಾನು ಆಪ್ತಸಮಾಲೋಚಕಿ ಹೇಳಿದಂತೆ, "ಯಾವಾಗ ಸಿಗ್ತದೋ ನಂಗೊತ್ತಿಲ್ಲ ಮಗಾ, ನಾನಂತೂ ನಿನ್ ಜೊತೇಲಿರ್ತೀನಿ" ಎಂದೆ. "ಹ್ಞೂಂ" ಎಂದಳು. ಒಳ್ಳೆಯ ಮಾತಿಗೂ ಒಂದು ಹೊತ್ತಿರುತ್ತದೆ, ಆ ಹೊತ್ತು ಮೀರಿಹೋಗಿತ್ತು.

ಕೊನೆಗೆ ಹುಲಿ ನಿಜವಾಗಿಯೂ ಸಿಕ್ಕಿತು. ಅರಿವಳಿಕೆ ಹೊಡೆದು, ಬೋನಿಗೆ ಹಾಕಿ, ಲಾರಿಯಲ್ಲಿ ಪೊನ್ನಂಪೇಟೆ ರಸ್ತೆಗೆ ತಂದು ನಿಲ್ಲಿಸಿದ್ದಾರೆಂದು ಸುದ್ದಿ ಬಂತು. ನನ್ನ ಗಂಡ ಹರಕೆ ತೀರಿಸುವವರಂತೆ ಅವಸರದಿಂದ ಬೈಕು ತೆಗೆದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋದರು. ಲಾರಿಯ ಸುತ್ತ ಜನವೋ ಜನ. ಅವರು ಮಗಳ ಕೈ ಹಿಡಿದು ದಾರಿ ಮಾಡಿಕೊಂಡು ಮುಂದೆ ಹೋಗಿ, ಬಗ್ಗಿ ತೋರಿಸಿದರು.

"ನೋಡಿದ್ಯೇನವ್ವ? ಇದೇ ಹುಲಿ. ಇನ್ ಹೆದ್ರಿಕೆ ಇಲ್ಲ."

ಮಗಳು ಅವರ ಮುಖ ನೋಡಿದಳು. ಸಿಟ್ಟಿರಲಿಲ್ಲ. ದೊಡ್ಡವರು ಚಿಕ್ಕವರಿಗೆ ಹೇಳುವಷ್ಟು ಮೆಲ್ಲಗೆ, "ಅಪ್ಪ, ನೀನು ಹೇಳ್ಬ್ಯಾಡ" ಎಂದಳು.

ಕೈ ಬಿಡಿಸಿಕೊಂಡು, ಲಾರಿಯ ಚಕ್ರದ ಪಕ್ಕ ನಿಂತಿದ್ದ ಅರಣ್ಯ ಇಲಾಖೆಯ ವಾಚರ್ ಒಬ್ಬನ ಅಂಗಿ ಜಗ್ಗಿದಳು. ಅವನು ಯಾರೋ, ಎಲ್ಲಿಯವನೋ.

"ಅಂಕಲ್, ಆ ಹುಲಿ ಇದೇನಾ?"

"ಇದೇ ಮೋಳೇ" ಎಂದ ಅವನು, ಮಲಯಾಳ ಬೆರೆತ ಕನ್ನಡದಲ್ಲಿ, ಮಗಳೇ ಎನ್ನುವ ಹಾಗೆ. "ಪಟ್ಟೆ ನೋಡಿ ಗುರ್ತು ಹಿಡಿದದ್ದು. ಇದೇ."

ಅವಳು ಉಸಿರು ಬಿಟ್ಟಳು. ಬಿಗಿದಿದ್ದ ಭುಜಗಳು ಇಳಿದವು. ನಮ್ಮ ಮಗಳು ಗುರುತು ಪರಿಚಯವಿಲ್ಲದ ಒಬ್ಬನ ಮಾತನ್ನು ನಂಬಿದ್ದನ್ನು, ಅವಳ ಅಪ್ಪ ಅಲ್ಲೇ ಪಕ್ಕದಲ್ಲಿ ನಿಂತು ನೋಡಿದರು.