ಮಾವನ ಬೀರುವಿನಲ್ಲಿದ್ದ ನನ್ನ ವಿಳಾಸ

ಆಗದ ಮಾತು ಎಂದವರು ನನ್ನ ಸೋದರಮಾವ. ಹೊರಗಿನವರು ಯಾರಾದರೂ ಅಂದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ನಾನು ಹತ್ತನೆಯ ತರಗತಿ ಪಾಸಾದ ಸುದ್ದಿ ಹೇಳಲು ಅವ್ವ ನನ್ನನ್ನು ಆಂಧ್ರದ ಆದೋನಿಯಲ್ಲಿದ್ದ ಅವರ ಮನೆಗೆ ಕರೆದೊಯ್ದಿದ್ದಳು. ನಮ್ಮ ಹಳ್ಳಿಯೂ ಅದೇ ಕಡೆ, ಗಡಿಯಲ್ಲಿ. ಮಾವ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಹತ್ತಿ ತಂದ ರೈತರು ಅವರಿಗೆ ಕೈಮುಗಿದು ನಿಲ್ಲುತ್ತಾರೆ. ಅವರು ಕುರ್ಚಿಯ ಮೇಲೆ, ಅವ್ವ ನೆಲದ ಮೇಲೆ.

"ಕುರಿ ಹಿಂದ ತಿರುಗೋರ ಮನಿಯಾಗ ಡಿಗ್ರಿ ಏನಬೇ? ಅದು ಆಗದ ಮಾತು," ಅಂದರು. "ಓದೋತನಕ ಓದ್ಲಿ. ಹೆಂಗೂ ನಾಳೆ ನಮ್ಮನಿಗೇ ಬರಾಕಿ."

"ಆತು ಬಿಡಣ್ಣ," ಅಂದಳು ಅವ್ವ. "ಓದು ಬಿಟ್ರ ಆಕೀನ ಬಿಡ್ಲಿ, ನಾವು ಬಿಡ್ಸಾದು ಬ್ಯಾಡ."

ನಾನು ಬಿಡಲಿಲ್ಲ. ಮಾವನ ಮನೆಯಲ್ಲೇ ಇದ್ದು ಕಾಲೇಜಿಗೆ ಹೋದೆ. ಅವರ ಮನೆಯ ಪಾತ್ರೆ ತಿಕ್ಕಿದೆ, ಅವರ ಮನೆಯ ರೊಟ್ಟಿ ತಿಂದೆ. ಎರಡೂ ನಿಜ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು; ಮೂರರಲ್ಲಿ ಯಾವುದೂ ನನ್ನನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೂ ಬಿ.ಕಾಂ. ಮುಗಿಸಿದೆ. ನಮ್ಮ ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಅದುವರೆಗೆ ಯಾರೂ ಮುಗಿಸಿರಲಿಲ್ಲ. ಸರ್ಟಿಫಿಕೇಟು ಮನೆಗೆ ತಂದ ದಿನ ಮಾವ ಪೇಪರಿನಿಂದ ತಲೆಯೆತ್ತಿ "ಹೂಂ, ಆತಲ್ಲ" ಅಂದರು. ಅತ್ತೆ ಕೈ ಚಾಚಿದರು. ಸರ್ಟಿಫಿಕೇಟು ಬೀರುವಿನೊಳಗೆ ಹೋಯಿತು.

ಅದು ನಮ್ಮ ಕಡೆಯ ವಾಡಿಕೆ. ನಮ್ಮದು ಹೊಳಗುಂದದ ಹತ್ತಿರದ ಹಳ್ಳಿ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಕುರಿ ಹೊಡೆದುಕೊಂಡು ಕಾಲುವೆಯ ಕಡೆ ಹೋದರೆ, ಮುಂಗಾರು ಬೀಳುವವರೆಗೆ ಊರಿಗೆ ಬರುವುದಿಲ್ಲ. ಕುರಿ ಹಿಂದೆ ಹೋಗುವವರು ಕಾಗದಪತ್ರ ಜೊತೆಗೆ ಒಯ್ಯುವುದಿಲ್ಲ. ನೆನೆದುಹೋಗುತ್ತದೆ, ಇಲ್ಲವೇ ಆಡು ತಿನ್ನುತ್ತದೆ. ಬೀರು ಇರುವ ನೆಂಟರ ಮನೆಯಲ್ಲಿ ಇಡುತ್ತಾರೆ. ಹೊಲದ ಪಾಸ್‌ಬುಕ್ಕು, ರೇಷನ್ ಕಾರ್ಡು, ನನ್ನ ಮಾರ್ಕ್ಸ್ ಮೆಮೊ ಎಲ್ಲವೂ ಮಾವನ ಬೀರುವಿನಲ್ಲಿ, ಅದರ ಕೀಲಿ ಅತ್ತೆಯ ಸೊಂಟದಲ್ಲಿ. ಫೋನಿನದೂ ಅದೇ ಕತೆ. ಸ್ಕಾಲರ್‌ಶಿಪ್ ಅರ್ಜಿಯಿಂದ ಹಿಡಿದು ಎಲ್ಲದರಲ್ಲೂ ನನ್ನ ನಂಬರಿನ ಜಾಗದಲ್ಲಿ ಇದ್ದದ್ದು ಮಾವನ ಮಗನ ನಂಬರು. ನನಗೆ ಅವನು ಭಾವ.

ರೆಸ್ಯೂಮೆ ಮಾಡಿಸಲು ಬಸ್‌ಸ್ಟ್ಯಾಂಡ್ ಎದುರಿನ ನೆಟ್ ಸೆಂಟರಿಗೆ ಹೋದೆ. ನನ್ನ ಜೊತೆ ಓದಿದ ಗೆಳತಿಯೂ ಬಂದಿದ್ದಳು. ನೆಟ್ ಸೆಂಟರಿನವನು ಹೆಸರು, ಓದು, ಅಂಕ ಎಲ್ಲ ಹೊಡೆದು, "ಮೇಲ್ ಐಡಿ ಚೆಪ್ಪಮ್ಮಾ," ಅಂದ. ನನ್ನ ಹತ್ತಿರ ಇಲ್ಲ ಅಂದೆ.

"ಇಂಟ್ಲೊ ಎವರಿದೈನಾ?" ಮನೆಯಲ್ಲಿ ಯಾರದಾದರೂ?

ಭಾವನದು ಹೇಳಿದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನೆಟ್ ಸೆಂಟರಿನವನಿಗೂ ಕಾಣಲಿಲ್ಲ, ಹೇಳಿದ್ದನ್ನು ಹೊಡೆದ. ನನ್ನ ಹೆಸರಿನ ಕೆಳಗೆ ಒಬ್ಬ ಗಂಡಸಿನ ಹೆಸರು ಚೊಕ್ಕವಾಗಿ ಅಚ್ಚಾಗಿ ಬಂತು. ಗೆಳತಿ ಆವತ್ತೇ ತನ್ನದೊಂದು ಮಾಡಿಸಿಕೊಂಡಳು. ಅವಳಿಗೆ ಸ್ವಂತ ಫೋನಿತ್ತು.

ಬಳ್ಳಾರಿಯ ಒಂದು ಆಸ್ಪತ್ರೆಯ ಲೆಕ್ಕದ ವಿಭಾಗಕ್ಕೆ ಇಬ್ಬರೂ ಅರ್ಜಿ ಹಾಕಿದೆವು. ನಾನು ಕಾದೆ. ಮಳೆಗಾಲ ಹೋಯಿತು. ಒಂದು ಭಾನುವಾರ ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೊರಳಲ್ಲಿ ಗುರುತಿನ ಚೀಟಿ.

"ಏ, ನೀನ್ಯಾಕ ಬರಲ್ಲಂದಿ?" ಅಂದಳು. "ನಿನ್ನ ಹೆಸರು ನನ್ನ ಹೆಸರಿನ ಮ್ಯಾಲಿತ್ತಂತ. ನೀ ಒಲ್ಲೆ ಅಂದಿದ್ದಕ್ಕ ನನ್ನ ಕರದಾರ."

"ನಾನಾ? ಯಾವಾಗ?"

"ಮೇಲ್ ಕಳ್ಸೀಯಂತಲ್ಲ. ಇಂಗ್ಲಿಷಿನ್ಯಾಗ. ಥ್ಯಾಂಕ್ಯೂ ಬ್ಯಾರೆ ಹೇಳೀಯಂತ."

ಆ ರಾತ್ರಿ ಊಟಕ್ಕೆ ಕೂತಾಗ ಭಾವನನ್ನು ಕೇಳಿದೆ. ಅವನು ಫೋನು ನೋಡುತ್ತಲೇ ತಟ್ಟೆಯ ರೊಟ್ಟಿ ಮುರಿದ.

"ಹೌದು, ಬಂದಿತ್ತು. ಅಪ್ಪನ ಕೇಳ್ದೆ, ಬ್ಯಾಡಂದ್ರು. ಬರಲ್ಲಂತ ಬರ್ದೆ. ಮರ್ಯಾದಿಲೇ ಬರ್ದೀನಿ."

"ನನಗೊಂದು ಮಾತು ಹೇಳಬೇಕು ಅನ್ನಿಸ್ಲಿಲ್ಲೇನು?"

ಅವನು ಆಗ ತಲೆಯೆತ್ತಿದ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. "ಐಡಿ ನಂದೇ ಅಲ್ಲೇನು?" ಅಂದ.

ಮಾವ ಕೈ ತೊಳೆಯುತ್ತ, "ಬಳ್ಳಾರಿ ಏನ್ ನಮ್ಮ ಹಿತ್ತಲದಾಗ ಐತೇನಬೇ? ನಮ್ಮನಿ ಸೊಸಿ ಆಗಾಕಿ ಹಾಸ್ಟೆಲ್ಲಿನ್ಯಾಗ ಇದ್ರ ಮಂದಿ ಏನಂತಾರ? ನಿನ್ನ ಚೊಲೋದಕ್ಕ ಮಾಡೀವಿ," ಅಂದರು.

ಅವರು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ತಪ್ಪು ಮಾಡಿದ್ದೇವೆ ಎಂಬ ಅಳುಕಾದರೂ ಇದೆ ಎಂದುಕೊಳ್ಳುತ್ತಿದ್ದೆ. ಕೇಳಿದ ಕೂಡಲೇ ಉಪ್ಪು ಎಲ್ಲಿದೆ ಎಂದು ಹೇಳಿದಂತೆ ಹೇಳಿದರು. ಅದು ಇವತ್ತಿಗೂ ಉರಿಯುತ್ತದೆ.

ಮರುದಿನ ಬಟ್ಟೆ ಗಂಟು ಕಟ್ಟಿಕೊಂಡು ಅಪ್ಪ ಅವ್ವ ಇದ್ದಲ್ಲಿಗೆ ಹೋದೆ. ಆ ವರ್ಷ ಕುರಿ ಬೇಗ ಹೊರಟಿದ್ದವು. ಹಾಲಹರವಿಯ ಆಚೆ ಕಾಲುವೆ ಪಕ್ಕದ ಒಂದು ಬೀಳುಹೊಲದಲ್ಲಿ ಸುತ್ತ ಬಲೆ ಕಟ್ಟಿ ಕುರಿ ನಿಲ್ಲಿಸಿದ್ದರು. ಅವ್ವ ಹೊಸ ಮರಿಗಳ ಕಿವಿಗೆ ಗುರುತು ಕತ್ತರಿಸುತ್ತಿದ್ದಳು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಕತ್ತರಿ ಗುರುತು. ಮಂದೆಗಳು ಕಲೆತಾಗ ಅದನ್ನು ನೋಡಿಯೇ ಬೇರ್ಪಡಿಸುವುದು. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ಮರೀ ಕಿವೀಗೆ ಬ್ಯಾರೇರ ಗುರ್ತು ಹಾಕಿಸಿ, ನಮ್ಮ ದೊಡ್ಡೀಗೆ ಯಾಕ ಬರವಲ್ದು ಅಂತ ಅತ್ರ ಆಗ್ತೈತೇನು?" ಅಂದಳು. "ಓದಿದಾಕಿ ನೀನು. ಅತ್ತಿದ್ದು ಸಾಕು, ಈ ಮರಿ ಹಿಡಿ."

ಹಿಡಿದೆ. ಅವ್ವನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ.

ಅಪ್ಪ ಸಂಜೆ ತನ್ನ ಚಿಕ್ಕ ಫೋನು ಬಿಚ್ಚಿ ಸಿಮ್ಮು ತೆಗೆದು ನನ್ನ ಕೈಗಿಟ್ಟ. "ತಗ. ಕುರಿಗೋಳೇನು ನನಗ ಫೋನ್ ಮಾಡಲ್ಲ. ನಿಮ್ಮವ್ವ ಕೂಗಿದ್ರ ಕಾಲುವಿ ಆಚಿಗೂ ಕೇಳ್ತೈತಿ."

"ಹೌದು, ಕೇಳಿದ್ರೂ ಕೇಳದಂಗ ಕುಂದರ್ತಾನ ನಿಮ್ಮಪ್ಪ," ಅಂದಳು ಅವ್ವ.

ಗಾಜು ಬಿರಿದ ತನ್ನ ಹಳೆಯ ಫೋನನ್ನು ಗೆಳತಿ ಕೊಟ್ಟಳು. ಅವಳ ಮೇಲೆ ಹೊಟ್ಟೆಯುರಿ ಇರಲಿಲ್ಲ ಎಂದರೆ ಸುಳ್ಳಾದೀತು, ಆದರೂ ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನನ್ನದೇ ಒಂದು ಐಡಿ ತೆರೆದೆವು. ನನ್ನ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. ಹೆಸರಿನ ಕೊನೆಗೆ ನಮ್ಮ ಊರಿನ ಹೆಸರು ಸೇರಿಸಿದೆ. ಆ ಊರನ್ನು ಯಾರೂ ತೆಗೆದುಕೊಂಡಿರಲಿಲ್ಲ. ರೆಸ್ಯೂಮೆಯಲ್ಲಿ ಭಾವನ ಐಡಿ ತೆಗೆಸಿ ಇದನ್ನು ಹಾಕಿಸಲು ಎದುರಿನ ನೆಟ್ ಸೆಂಟರಿಗೆ ಹೋದೆ.

"ಒಕ್ಕ ಲೈನ್ ಕೋಸಂ ವಚ್ಚಾವಾ?" ಅಂದ ನೆಟ್ ಸೆಂಟರಿನವನು, ಒಂದು ಸಾಲಿಗಾಗಿ ಬಂದೆಯಾ ಎಂದು.

"ಅದೊಂದು ಸಾಲು ನಂದಿದ್ದಿಲ್ಲ," ಅಂದೆ.

ಹೊಲದಲ್ಲಿ ಸಿಗ್ನಲ್ ಇರಲಿಲ್ಲ. ಹೊಸದಾಗಿ ಅರ್ಜಿ ಹಾಕಿ, ದಿನಾ ಸಂಜೆ ಕಾಲುವೆಯ ದಂಡೆ ಹತ್ತಿ ಫೋನು ನೋಡುತ್ತಿದ್ದೆ. ಬಹಳ ಸಲ ಏನೂ ಇರುತ್ತಿರಲಿಲ್ಲ. ಆದರೆ ಇಲ್ಲ ಎಂಬುದನ್ನು ನಾನೇ ನೋಡುತ್ತಿದ್ದೆ, ಇನ್ನೊಬ್ಬರು ಹೇಳುತ್ತಿರಲಿಲ್ಲ. ಕಡೆಗೆ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರ ಆಫೀಸಿನಿಂದ ಕರೆ ಬಂತು. ಸಂದರ್ಶನ ಮಾಡಿದವರು ರೆಸ್ಯೂಮೆಯ ಮೇಲೆ ಬೆರಳಿಟ್ಟು, "ಇದೇನಮ್ಮ, ಹೆಸರಿನ ಬಾಲಕ್ಕೆ?" ಅಂದರು.

"ನಮ್ಮೂರ್ರಿ. ಹೊಳಗುಂದದ ಹತ್ರ."

"ಆಂಧ್ರದಾಕಿ ಆಗಿ ಕನ್ನಡ ಚೊಲೋ ಮಾತಾಡ್ತಿ."

"ಕನ್ನಡದಾಕೀನ ರೀ. ಆಂಧ್ರದಾಗ ಅದೀವಿ, ಅಷ್ಟ."

ಅವರು ನಕ್ಕರು. ನಾನು ನಗಲಿಲ್ಲ. ಗೆಳತಿಯ ಕೆಲಸದಷ್ಟು ಒಳ್ಳೆಯದಲ್ಲ, ಆದರೂ ಕೆಲಸ ಸಿಕ್ಕಿತು. ಸೇರುವ ದಿನ ಡಿಗ್ರಿಯ ಅಸಲು ಸರ್ಟಿಫಿಕೇಟು ತರಬೇಕು ಎಂದು ಮೇಲ್ ಬಂತು. ಅದು ಬೀರುವಿನಲ್ಲಿತ್ತು.

ಮಾವ ಅದೇ ಕುರ್ಚಿಯಲ್ಲಿದ್ದರು. ಬಂದ ಕೆಲಸ ಹೇಳಿದೆ.

"ಇವತ್ತು ಅಮಾಸಿ. ಬೀರು ತೆಗಿಯಂಗಿಲ್ಲ," ಅಂದರು.

"ನಾಳೆ ಬರ್ತೀನ್ರಿ."

"ನಾಳೆ ನಾನಿರಲ್ಲ. ಮೊದಲು ಮದುವಿ ಮಾತು ಮುಗೀಲಿ. ಕಾಗದ ಎಲ್ಲಿ ಓಡಿಹೋಗ್ತೈತಿ?"

ಕೊಡುವ ಮನಸ್ಸಿಲ್ಲ ಎಂದು ಗೊತ್ತಾಯಿತು. ನಾನು ನಿಂತೇ ಇದ್ದೆ. "ಮದುವಿ ನಾ ಒಲ್ಲೆ ರೀ ಮಾವ. ನಿಮ್ಮನಿ ರೊಟ್ಟಿ ತಿಂದೀನಿ, ಇಲ್ಲನ್ನಲ್ಲ. ಪರೀಕ್ಷಿ ಮಾತ್ರ ನಾನ ಬರ್ದೀನಿ. ಇದು ಸಿಗದಿದ್ರ ಇನ್ನೊಂದು ಪ್ರತಿ ಕೊಡ್ತಾರಂತ. ಅದಕ್ಕ ಪೊಲೀಸ್ ಸ್ಟೇಷನ್ನಿನ ಚೀಟಿ ಬೇಕಂತ. ಅಲ್ಲೇನ್ ಬರಸ್ಲಿ? ಕಳದೈತಿ ಅಂತನಾ, ನಮ್ಮ ಮಾವನ ಬೀರುನಾಗ ಐತಿ ಅಂತನಾ?"

ಮಾವನ ಮುಖ ಕಪ್ಪಿಟ್ಟಿತು. ಅಡತಿ ಅಂಗಡಿಯ ಗುಮಾಸ್ತರ ಹೆಸರು ಸ್ಟೇಷನ್ನಿನಲ್ಲಿ! ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಸೊಂಟದ ಕೀಲಿ ತೆಗೆದರು.

"ಕೊಟ್ಬಿಡ್ರಿ ಅತ್ಲಾಗ," ಅಂದರು ಗಂಡನಿಗೆ. "ಬೀರುನಾಗ ಇಟ್ರ ಅದೇನು ಮರಿ ಹಾಕಲ್ಲ."

ಸರ್ಟಿಫಿಕೇಟು ತಂದು ನನ್ನ ಕಡೆ ಚಾಚಿದರು. ನಡುವೆ ಮಾವ ಕೈಯೊಡ್ಡಿ ತೆಗೆದುಕೊಂಡರು. ಹೆಗಲ ಟವೆಲ್ಲಿನಿಂದ ಇಲ್ಲದ ಧೂಳನ್ನು ಒರೆಸಿದರು. ಇಂಗ್ಲಿಷಿನಲ್ಲಿದ್ದ ನನ್ನ ಹೆಸರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು ಅಂದರು:

"ಅಲ್ಲಿ ಆಫೀಸಿನ್ಯಾಗ ಯಾರಾದ್ರೂ ಕೇಳಿದ್ರ, ನಮ್ಮ ಮಾವನೇ ಓದಿಸ್ಯಾರ ಅಂತ ಹೇಳಬೇ. ಮರೀಬ್ಯಾಡ."