ಗಂಟು ಹಾಕಿದ ತಂತಿ

ಗಂಜಿಯ ವಾಸನೆ ಬಂದರೆ ನನಗೀಗ ಸಿಟ್ಟು ಬರುತ್ತದೆ. ಮೊದಲು ಹೀಗಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯಲ್ಲಿ ಗಂಜಿ ಹಚ್ಚಿದ ನೂಲು ಒಣಗುವಾಗಿನ ಆ ಹುಳಿವಾಸನೆ ಗೋಡೆಗೆ, ಹಾಸಿಗೆಗೆ, ಅಜ್ಜಿಯ ಸೆರಗಿಗೆ, ಕೊನೆಗೆ ಮುರಿಗೆಪ್ಪ ಕಾಕಾನ ಗಿಟಾರಿಗೂ ಹತ್ತಿತ್ತು. ಕಾಕಾ ನನ್ನ ಅಪ್ಪನ ತಮ್ಮ. ನೇಯ್ದ ಸೀರೆ ಅಂಗಡಿಗೆ ಹಾಕಿ ಬರಲು ಸೊಲ್ಲಾಪುರಕ್ಕೆ ಹೋದವನು ಹಳೆ ಸಾಮಾನಿನ ಬಜಾರದಲ್ಲಿ ಅದನ್ನು ಕಂಡು ಬಗಲಲ್ಲಿಟ್ಟುಕೊಂಡು ಬಂದಿದ್ದ. ಕಲಿಸುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಅವನಿಗೆ ಗೊತ್ತಿದ್ದ ತಂತಿವಾದ್ಯವೆಂದರೆ ಏಕತಾರಿ. ಅದಕ್ಕೇ ಮಠದ ಭಜನೆಯ ಹಾರ್ಮೋನಿಯಂ ಮುಂದೆ ಕೂತು, ಆರೂ ತಂತಿಗಳನ್ನು ಸಾ ಮತ್ತು ಪಾ ಎರಡೇ ಸ್ವರಕ್ಕೆ ಕೂಡಿಸಿಬಿಟ್ಟ. ಒಂದೇ ತಂತಿಯ ಮೇಲೆ ಬೆರಳು ಓಡಿಸಿ ಅಜ್ಜಿಯ ತೊಟ್ಟಿಲ ಹಾಡು ನುಡಿಸುತ್ತಿದ್ದ, ಉಳಿದ ತಂತಿಗಳು ಗುಂಯ್ ಎಂದು ಶ್ರುತಿ ಹಿಡಿಯುತ್ತಿದ್ದವು. ಅಜ್ಜಿ ನೂಲು ಸುತ್ತುತ್ತ ದನಿಗೂಡಿಸುತ್ತಿದ್ದಳು.

ಒಮ್ಮೆ ತಂತಿ ಹರಿಯಿತು. ಕಾಕಾ ಮೋರೆ ಸಣ್ಣದು ಮಾಡಿ ಕೂತ. ಅಜ್ಜಿ ಕೈ ಚಾಚಿದಳು. "ತಾ ಇಲ್ಲಿ. ಎಳಿ ಹರದ್ರ ಒಗೀತಾರೇನು? ಎರಡೂ ತುದಿ ಕೈಗೆ ಸಿಕ್ರ ಸಾಕು, ಗಂಟ ಹಾಕ್ತೇನಿ."

ತಂತಿ ತಿರುವುವ ಬಿರಡೆಯ ಹತ್ತಿರ ನೇಕಾರರ ಗಂಟು ಬಿತ್ತು. ಹತ್ತಿಯ ಎಳೆಗೆ ಹಾಕುವ ಅದೇ ಗಂಟು, ಉಕ್ಕಿನ ತಂತಿಗೆ. ಬಿಗಿದರೆ ಜಾರಲಿಲ್ಲ. ಮುಂದೆ ಆರರಲ್ಲಿ ನಾಲ್ಕು ತಂತಿಗೆ ಗಂಟಾದವು. ಸಾಲೆಯ ಗೆಳತಿಯರ ಮುಂದೆ ನಾನು, "ಕಾಕಾ, ಇದು ಗಿಟಾರ ಅಲ್ಲ, ಮಗ್ಗ" ಎಂದಿದ್ದೆ. ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಆ ನಗು ನೆನಪಾದರೆ ನನ್ನ ಮೇಲೇ ಉರಿಯುತ್ತದೆ.

ಆ ಮನೆ ಈಗ ಮೊದಲಿನಂತಿಲ್ಲ. ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಮುಚ್ಚಿ ಪವರ್‌ಲೂಮ್ ಕೂಡಿಸಿದರು. ಆ ಗದ್ದಲದಲ್ಲಿ ಯಾರ ಹಾಡು ಯಾರಿಗೆ ಕೇಳಬೇಕು? ಗಿಟಾರು ಅಟ್ಟ ಸೇರಿತು. ಅಜ್ಜಿ ಹೋದಳು, ಹೋದ ವರ್ಷ ಕಾಕಾನೂ ಹೋದ. ಯಾರಿಗೂ ಬೇಡವಾದ ಗಿಟಾರು ನನಗೆ ಬಂತು.

ಕಲಿಯಲೇಬೇಕೆಂದು ಹಟ ಹಿಡಿದೆ. ಮೊಬೈಲಿನಲ್ಲಿ ಹುಡುಕಿದರೆ ಪಾಠಕ್ಕೇನು ಬರವಿಲ್ಲ. ಸಿನಿಮಾ ಹಾಡು, ಇಂಗ್ಲಿಷ್ ಹಾಡು, ಹತ್ತು ದಿನದಲ್ಲಿ ಕಲಿಯಿರಿ ಎನ್ನುವ ಹುಡುಗರು. ಜಗತ್ತಿನ ಹಾಡೆಲ್ಲ ಇದೆ, ನಮ್ಮ ಪಡಸಾಲೆಯದೊಂದಿಲ್ಲ. ಯಾಕಿರಬಾರದು? ನಿಮ್ಮ ಮನೆಯದೂ ಇರಲಿಕ್ಕಿಲ್ಲ, ನೋಡಿ ಬೇಕಾದರೆ.

ಕೊನೆಗೆ ಜಮಖಂಡಿಯ ಒಂದು ಕ್ಲಾಸಿಗೆ ಒಯ್ದೆ. ಚೀಲ ಬಿಚ್ಚಿದ ಕೂಡಲೇ ಗಂಜಿಯ ವಾಸನೆ. ಮಾಸ್ತರ ಎಳೆ ವಯಸ್ಸಿನವನು. "ಮೇಡಂ, ಯಾರ್ರಿ ಇದನ್ನ ಹಿಂಗ ಮಾಡಿದವ್ರು? ಎಲ್ಲಾ ತಪ್ಪ ಐತ್ರಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕಡ ಹಿಡಿದು ಪಟ್ ಪಟ್ ಎಂದು ಆರೂ ತಂತಿ ಕತ್ತರಿಸಿದ. ಹೊಸವು ಹಾಕಿ, ಶ್ರುತಿ ಸರಿಮಾಡಿ, "ಈಗ ಛಲೋ ಆತ್ ನೋಡ್ರಿ" ಎಂದು ಕೊಟ್ಟ. ಕಾಕಾನ ಬೆರಳು ನೆನೆದು ಮೀಟಿದೆ. ತೊಟ್ಟಿಲ ಹಾಡು ಬರಲಿಲ್ಲ, ಪಾತ್ರೆ ಬಿದ್ದಂತಾಯಿತು. "ತಪ್ಪು ಯಾವುದು ಅಂತ ನಿನಗ ಯಾರು ಹೇಳಿದ್ರು?" ಎಂದು ಕೇಳಿದೆ. ಪಾಪ, ಅವನು ಶ್ರುತಿ ತಪ್ಪಿತೇನೋ ಎಂದು ಬಿರಡೆ ಮುಟ್ಟಿ ನೋಡಿದ. ಕಸದ ಬುಟ್ಟಿಯಿಂದ ಗಂಟಿನ ತುಂಡುಗಳನ್ನು ಆರಿಸಿಕೊಂಡು ಎದ್ದೆ.

ಮಠದ ಹಾರ್ಮೋನಿಯಂ ಇನ್ನೂ ಇದೆ. ಮರುದಿನ ಅದರ ಮುಂದೆ ಕೂತು, ಹೊಸ ತಂತಿಗಳನ್ನು ಸಡಿಲಿಸಿ, ಸಾ ಮತ್ತು ಪಾ ಕೂಡಿಸಿದೆ. ಒಂದು ಬೆರಳು ಓಡಿಸಿದೆ. ಹಾಡಿನ ಮೊದಲ ಸಾಲು ಬಂತು, ಅಜ್ಜಿಯ ದನಿಯ ಸಮೇತ. ಎರಡನೆಯದು ಬರಲಿಲ್ಲ. ಮತ್ತೆ ಮತ್ತೆ ನುಡಿಸಿದೆ, ಹಾಡು ಅದೇ ಜಾಗದಲ್ಲಿ ಹರಿಯಿತು. ಕೇಳೋಣವೆಂದರೆ ಆ ಹಾಡು ಗೊತ್ತಿದ್ದವರು ಯಾರೂ ಉಳಿದಿಲ್ಲ. ನನಗೆ ಅಜ್ಜಿಯ ಗಂಟು ಹಾಕಲು ಇಂದಿಗೂ ಬರುತ್ತದೆ. ಆದರೆ ಕೈಯಲ್ಲಿರುವುದು ಒಂದೇ ತುದಿ.